ಲೆನ್ಸ್ ಹಾಕಲು ರೆಪ್ಪೆಯೇ ಬಿಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 24 ವರ್ಷ. ಊರು ಹೊಸನಗರದ ಹತ್ತಿರ. ಎರಡೂ ಕಣ್ಣಿಗೆ ಕೆರಟೋಕೋನಸ್ ಇದೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ತೆಳುವಾಗಿ ಮೊನೆಯಾಗುವ ಕಾಯಿಲೆ. ಅದು ಮುಂದುವರಿಯದಿರಲಿ ಅಂತ ಹೋದ ವರ್ಷ ಸಿ3ಆರ್ ಚಿಕಿತ್ಸೆ ಮಾಡಿಸಿದ್ದೇವೆ. ಈಗ ಬೆಂಗಳೂರಿನಲ್ಲಿ ಬಲಗಣ್ಣಿಗೆ ಸ್ಕ್ಲೀರಲ್ ಅನ್ನುವ ದೊಡ್ಡ ಲೆನ್ಸ್, ಎಡಗಣ್ಣಿಗೆ ಆರ್‌ಜಿಪಿ ಅನ್ನುವ ಚಿಕ್ಕ ಗಟ್ಟಿ ಲೆನ್ಸ್ ಕೊಟ್ಟಿದ್ದಾರೆ. ಅಲ್ಲಿ ಅವರೇ ಹಾಕಿದಾಗ ಬೋರ್ಡಿನ ಕೆಳಗಿನ ಸಾಲುಗಳನ್ನೂ ಓದಿದೆ. ಖುಷಿಗೆ ಅತ್ತುಬಿಟ್ಟೆ. ಮನೆಗೆ ಬಂದ ಮೇಲೆ ಮಾತ್ರ ಆಗುತ್ತಲೇ ಇಲ್ಲ. ಲೆನ್ಸ್ ಹತ್ತಿರ ಬಂದರೆ ಸಾಕು, ಕಣ್ಣು ಮುಚ್ಚಿಕೊಳ್ಳುತ್ತದೆ. ಹೇಗೋ ಒಳಗೆ ಹೋದರೆ ಗುಳ್ಳೆ ಬರುತ್ತದೆ. ಒಂದು ದಿನ ಲೆನ್ಸ್ ಕೆಳಗೆ ಬಿತ್ತು, ಕೊಡದ ನೀರಿನಲ್ಲಿ ತೊಳೆದು ಹಾಕಿಕೊಂಡೆ. ಅಮ್ಮ ನನ್ನ ಪಾಡು ನೋಡಲಾಗದೆ "ಬಿಟ್ಟುಬಿಡು, ಕನ್ನಡಕವೇ ಸಾಕು" ಅನ್ನುತ್ತಾರೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ನೀವು ಬರೆದದ್ದರಲ್ಲಿ ಲೆನ್ಸ್ ನಿಮ್ಮ ಕಣ್ಣಿಗೆ ಒಗ್ಗುವುದಿಲ್ಲ ಅನ್ನುವ ಸೂಚನೆ ಒಂದೂ ಇಲ್ಲ. ಕ್ಲಿನಿಕ್ಕಿನಲ್ಲಿ ಹಾಕಿದಾಗ ಚೆನ್ನಾಗಿ ಕಂಡಿದೆ. ಅಂದರೆ ಲೆನ್ಸ್ ಸರಿಯಿದೆ, ಕಣ್ಣೂ ಅದನ್ನು ಒಪ್ಪಿಕೊಂಡಿದೆ. ಇನ್ನು ಪಳಗಬೇಕಾಗಿರುವುದು ರೆಪ್ಪೆ ಹಿಡಿಯುವ ನಿಮ್ಮ ಕೈ. ಶಿವಮೊಗ್ಗದಲ್ಲಿ ನನ್ನ ಹತ್ತಿರ ಲೆನ್ಸ್ ಹಾಕಲು ಕಲಿಯುವವರೆಲ್ಲ ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಧೈರ್ಯ ಸಾಲದು, ಕಣ್ಣು ಸೂಕ್ಷ್ಮ ಅಂತೆಲ್ಲ ಅಂದುಕೊಂಡು ಕೊರಗುತ್ತಾರೆ. ಅದ್ಯಾವುದೂ ಅಲ್ಲ.

ಆದರೆ ಅದಕ್ಕೂ ಮೊದಲು ಆ ಕೊಡದ ನೀರಿನ ವಿಷಯ. ಅದನ್ನು ಓದಿ ನನಗೆ ನಿಜವಾಗಿಯೂ ಕಳವಳವಾಯಿತು.

ನೀರಿನಲ್ಲಿ ಅಕಾಂತಮೀಬಾ ಅನ್ನುವ ಒಂದು ಜೀವಿ ಇರುತ್ತದೆ. ಬಾವಿ, ಕೆರೆ, ಹೊಳೆ, ನಲ್ಲಿ, ಎಲ್ಲಿ ಬೇಕಾದರೂ ಇರಬಹುದು. ಕುಡಿದರೆ ನಮಗೇನೂ ಆಗುವುದಿಲ್ಲ. ಆದರೆ ಲೆನ್ಸಿಗೆ ಅಂಟಿಕೊಂಡು ಕಾರ್ನಿಯಾದ ಮೇಲೆ ಗಂಟೆಗಟ್ಟಲೆ ಕೂತರೆ ಹುಣ್ಣು ಮಾಡಬಲ್ಲದು. ಅದು ಗಟ್ಟಿ ಚಿಪ್ಪು ಕಟ್ಟಿಕೊಂಡು ಕೂರುವುದರಿಂದ ಔಷಧಿಗೂ ಬೇಗ ಬಗ್ಗುವುದಿಲ್ಲ. ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ನಮ್ಮ ಮಲೆನಾಡಿನವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ಕನ್ನಡಿಯ ಹಾಗೆ ತಿಳಿಯಾಗಿರುತ್ತದೆ, ಇದರಲ್ಲಿ ಏನು ಕೊಳೆ ಇದ್ದೀತು ಅನ್ನಿಸುತ್ತದೆ. ತಿಳಿ ನೀರು ಬೇರೆ, ಲೆನ್ಸಿಗೆ ಆಗುವ ನೀರು ಬೇರೆ. ಬಾವಿ ನೀರು, ಫಿಲ್ಟರ್ ನೀರು, ಕುದಿಸಿ ಆರಿಸಿದ ನೀರು, ಅಂಗಡಿಯ ಬಾಟಲಿ ನೀರು, ಯಾವುದೂ ಬೇಡ. ಎಂಜಲಂತೂ ಬೇಡವೇ ಬೇಡ.

ಈಗ ಮಾಡಬೇಕಾದದ್ದು ಇಷ್ಟು. ಆ ಲೆನ್ಸನ್ನು ಕೊಟ್ಟಿರುವ ದ್ರಾವಣ ಹಾಕಿ ಅಂಗೈಯಲ್ಲಿ ಮೆಲ್ಲಗೆ ಉಜ್ಜಿ, ಅದೇ ದ್ರಾವಣದಲ್ಲಿ ತೊಳೆದು, ಹೊಸ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿಡಿ. ಹಳೆಯ ಡಬ್ಬಿಯನ್ನು ಎಸೆಯಿರಿ. ಮುಂದಿನ ಕೆಲವು ವಾರ ಆ ಕಣ್ಣಿನ ಮೇಲೆ ಒಂದು ನಿಗಾ ಇರಲಿ. ಕೆಂಪಾದರೆ, ನೋವು ಬಂದರೆ, ಬೆಳಕು ನೋಡಲಾಗದಿದ್ದರೆ, ಕಣ್ಣು ಮಂಜಾದರೆ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಬೆಂಗಳೂರಿಗೇ ಹೋಗಬೇಕು ಅಂತ ಕಾಯಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗ ಇದೆ. "ಲೆನ್ಸನ್ನು ಕೊಡದ ನೀರಲ್ಲಿ ತೊಳೆದಿದ್ದೆ" ಅನ್ನುವುದನ್ನು ನೀವಾಗಿಯೇ ಹೇಳಿ. ಅದು ಗೊತ್ತಾದರೆ ಅವರು ಹುಡುಕುವ ದಾರಿಯೇ ಬೇರೆ.

ಈಗ ರೆಪ್ಪೆಗೆ ಬರೋಣ.

ಕಣ್ಣಿನ ಹತ್ತಿರ ಏನೇ ಬಂದರೂ ರೆಪ್ಪೆ ಮುಚ್ಚುತ್ತದೆ. ಇದು ನಿಮ್ಮ ಮಾತು ಕೇಳಿ ನಡೆಯುವುದಲ್ಲ. "ಮುಚ್ಚಬೇಡ, ಮುಚ್ಚಬೇಡ" ಅಂತ ಮನಸ್ಸಿನಲ್ಲೇ ಹೇಳಿಕೊಂಡರೆ ಇನ್ನೂ ಬಿಗಿಯಾಗುತ್ತದೆ. ಅದಕ್ಕೇ ಮನಸ್ಸಿನ ಜೊತೆ ಗುದ್ದಾಡುವುದು ಬಿಟ್ಟು ಕೈಯಲ್ಲಿ ರೆಪ್ಪೆ ಹಿಡಿಯಬೇಕು. ಹಿಡಿಯುವ ಜಾಗವೇ ಎಲ್ಲಕ್ಕಿಂತ ಮುಖ್ಯ. ಹೆಚ್ಚಿನವರು ಹುಬ್ಬಿನ ಕೆಳಗೆ, ರೆಪ್ಪೆಯ ನಡುವೆ ಬೆರಳಿಟ್ಟು ಮೇಲಕ್ಕೆ ಎಳೆಯುತ್ತಾರೆ. ಆಗ ಚರ್ಮ ಮಾತ್ರ ಮೇಲೆ ಹೋಗುತ್ತದೆ, ರೆಪ್ಪೆಯ ಅಂಚು ಸಡಿಲವಾಗಿಯೇ ಉಳಿಯುತ್ತದೆ. ಲೆನ್ಸ್ ಬಂತು ಅಂದ ತಕ್ಷಣ ಆ ಅಂಚು ಬೆರಳ ಕೆಳಗಿನಿಂದ ಜಾರಿ ಮುಚ್ಚಿಕೊಳ್ಳುತ್ತದೆ. ಬೆರಳು ಕೂರಬೇಕಾದದ್ದು ರೆಪ್ಪೆ ಕೂದಲ ಬುಡದಲ್ಲಿ, ಅಂಚಿಗೆ ತಾಗಿದ ಹಾಗೆ. ಕೂದಲನ್ನೂ ಸೇರಿಸಿ ಹಿಡಿದು, ಮೇಲಿನ ರೆಪ್ಪೆಯನ್ನು ಹುಬ್ಬಿನ ಮೂಳೆಗೆ, ಕೆಳಗಿನದನ್ನು ಕೆನ್ನೆಯ ಮೂಳೆಗೆ ಒತ್ತಿಡಿ. ಕಣ್ಣುಗುಡ್ಡೆಯ ಮೇಲೆ ಒತ್ತಡ ಬೀಳಬಾರದು. ಬೆರಳು ಒದ್ದೆಯಿದ್ದರೆ ಜಾರುತ್ತದೆ. ಆದ್ದರಿಂದ ರೆಪ್ಪೆ ಹಿಡಿಯುವ ಕೈ ಪೂರ್ತಿ ಒಣಗಿರಬೇಕು. ಸೋನೆ ಮಳೆಯ ದಿನಗಳಲ್ಲಿ ಟವೆಲ್ಲೇ ಒದ್ದೆ ಇರುತ್ತದೆ, ಅಲ್ವಾ? ನೂಲು ಬಿಡದ ಟಿಶ್ಯೂ ಕಾಗದ ಇಟ್ಟುಕೊಳ್ಳಿ.

ಎರಡು ಮೂರು ದಿನ ಲೆನ್ಸ್ ಮುಟ್ಟಲೇಬೇಡಿ. ಬರೀ ರೆಪ್ಪೆ ಹಿಡಿಯುವುದನ್ನು ಕಲಿಯಿರಿ. ಉಗುರು ಕತ್ತರಿಸಿ, ಎಣ್ಣೆ ಅಂಶ ಇಲ್ಲದ ಸೋಪಿನಲ್ಲಿ ಕೈ ತೊಳೆದು ಒರೆಸಿ, ಮೇಲೆ ಕೆಳಗೆ ಎರಡೂ ರೆಪ್ಪೆ ಹಿಡಿದು ಹತ್ತರವರೆಗೆ ಎಣಿಸಿ. ರೆಪ್ಪೆ ಮುಚ್ಚಲು ಎಳೆಯುತ್ತದೆ, ಬಿಡಬೇಡಿ. ಅದು ಸಲೀಸಾದ ಮೇಲೆ ಇನ್ನೊಂದು ಕೈಯ ಬೆರಳ ತುದಿಗೆ ಒಂದು ಹನಿ ಸಲೈನ್ ಹಾಕಿಕೊಂಡು, ಮೂಗಿನ ಕಡೆ ನೋಡುತ್ತಾ ಕಣ್ಣಿನ ಬಿಳಿ ಭಾಗವನ್ನು ಹೊರಮೂಲೆಯಲ್ಲಿ ಮೆತ್ತಗೆ ಮುಟ್ಟಿ. ನೋವಾಗುವುದಿಲ್ಲ ಅಂತ ಕೈಗೆ ತಿಳಿಯುತ್ತದೆ. ಆಮೇಲೆ ಕೈ ನಡುಗುವುದು ತಾನಾಗಿ ಕಡಿಮೆಯಾಗುತ್ತದೆ. ಇನ್ನೊಂದು ಮಾತು: ಎರಡು ಕಣ್ಣಿನ ರೆಪ್ಪೆಗಳೂ ಜೋಡಿಯಾಗಿಯೇ ಮುಚ್ಚಿ ತೆರೆಯುತ್ತವೆ. ಲೆನ್ಸ್ ಹಾಕದ ಕಣ್ಣನ್ನು ಮುಚ್ಚಿಬಿಟ್ಟರೆ ಈ ಕಣ್ಣೂ ಮುಚ್ಚಲು ನೋಡುತ್ತದೆ. ಆ ಕಣ್ಣನ್ನೂ ಅಗಲವಾಗಿ ತೆರೆದು ಮೇಜಿನ ಮೇಲೆ ಒಂದೇ ಕಡೆ ನೋಡುತ್ತಿರಿ.

ಕೆರಟೋಕೋನಸ್ ಇರುವವರಿಗೆ ಇನ್ನೊಂದು ತೊಡಕಿದೆ. ಮಾಮೂಲಿ ಲೆನ್ಸ್ ಹಾಕುವವರು ಕನ್ನಡಿ ನೋಡಿಕೊಂಡು ಹಾಕುತ್ತಾರೆ. ನಿಮಗೆ ಲೆನ್ಸ್ ಇಲ್ಲದೆ ಕನ್ನಡಿಯಲ್ಲಿ ಲೆನ್ಸೇ ಕಾಣುವುದಿಲ್ಲ. ಒಂದು ಅಂಚು ನಾಲ್ಕು ಅಂಚಾಗಿ ಕಾಣುತ್ತದೆ. ನೋಡಿಕೊಂಡು ಹಾಕಲು ಹೋದಷ್ಟೂ ಗಾಬರಿ ಜಾಸ್ತಿ. ಕನ್ನಡಿಯನ್ನು ಪಕ್ಕಕ್ಕಿಟ್ಟು ಸ್ಪರ್ಶದಿಂದಲೇ ಕಲಿಯಿರಿ. ನೆಟ್ಟಗೆ ಕಲಿತವರು ಕರೆಂಟ್ ಹೋದರೂ ಹಾಕಿಕೊಳ್ಳುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಅದೂ ಬೇಕಾಗುತ್ತದೆ.

ಬಲಗಣ್ಣಿನ ಸ್ಕ್ಲೀರಲ್ ಲೆನ್ಸಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಗುಳ್ಳೆ ಬರುತ್ತಿರುವುದು ಅಲ್ಲೇ. ಈ ಲೆನ್ಸ್ ದೊಡ್ಡದು, ಸುಮಾರು 15ರಿಂದ 18 ಮಿಲಿಮೀಟರ್ ಅಗಲ, ಕೆಲವು ಇನ್ನೂ ದೊಡ್ಡದಿರುತ್ತವೆ. ಕಾರ್ನಿಯಾವನ್ನು ಮುಟ್ಟದೆ ದಾಟಿ ಹೋಗಿ ಬಿಳಿ ಭಾಗದ ಮೇಲೆ ಕೂರುತ್ತದೆ. ಕಾರ್ನಿಯಾ ಮತ್ತು ಲೆನ್ಸ್ ನಡುವೆ ಸಲೈನ್ ತುಂಬಿರುತ್ತದೆ. ಮೊನೆಯಾಗಿ, ಏರುಪೇರಾಗಿ ಉಬ್ಬಿರುವ ಕಾರ್ನಿಯಾದ ಹಳ್ಳತಿಟ್ಟುಗಳನ್ನೆಲ್ಲ ಆ ಸಲೈನ್ ಮುಚ್ಚಿಬಿಡುತ್ತದೆ. ಬೆಳಕಿಗೆ ಸಿಗುವುದು ಲೆನ್ಸಿನ ನಯವಾದ ಮೈ. ಕನ್ನಡಕ ಮಾಡಲಾಗದ ಕೆಲಸ ಇದೇ. ಆ ಸಲೈನ್ ಪದರದಲ್ಲಿ ಗಾಳಿ ಸೇರಿದರೆ ನಿಮಗೆ ಗುಳ್ಳೆ ಕಾಣುತ್ತದೆ. ದೃಷ್ಟಿ ಒಂದು ಕಡೆ ಮಸುಕಾಗುತ್ತದೆ, ಗುಳ್ಳೆಯ ಕೆಳಗಿನ ಕಾರ್ನಿಯಾ ಒಣಗುತ್ತದೆ.

ಗುಳ್ಳೆ ಬರುವುದು ಹೆಚ್ಚಾಗಿ ತಲೆ ಬಗ್ಗದೇ ಇರುವುದರಿಂದ. ಮೇಜಿನ ಮುಂದೆ ಕೂತು, ಗದ್ದ ಎದೆಗೆ ತಾಗುವಷ್ಟು ಬಗ್ಗಿ. ಮುಖ ನೆಲಕ್ಕೆ ಪೂರ್ತಿ ಸಮನಾಗಿರಬೇಕು. "ಬಗ್ಗಿದ್ದೀನಿ" ಅನ್ನುವವರನ್ನು ಪಕ್ಕದಿಂದ ನೋಡಿದರೆ ಅರ್ಧ ಮಾತ್ರ ಬಗ್ಗಿರುತ್ತಾರೆ. ಅಮ್ಮನಿಗೆ ಪಕ್ಕದಲ್ಲಿ ನಿಂತು ನೋಡಲು ಹೇಳಿ. ಅವರಿಗೂ ನಿಮಗೆ ಸಹಾಯ ಮಾಡಿದೆ ಅನ್ನುವ ನೆಮ್ಮದಿ ಸಿಗುತ್ತದೆ. ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಹಾಸಿ. ಚೆಲ್ಲಿದ ಸಲೈನ್ ಹೀರಿಕೊಳ್ಳುತ್ತದೆ, ಲೆನ್ಸ್ ಬಿದ್ದರೂ ಒಡೆಯುವುದಿಲ್ಲ, ಕಳೆಯುವುದಿಲ್ಲ. ಬಚ್ಚಲ ಮನೆಯಲ್ಲಿ, ತೂಬಿನ ಮೇಲೆ ನಿಂತು ಈ ಕೆಲಸ ಬೇಡ.

ಲೆನ್ಸನ್ನು ಪ್ಲಂಜರ್ ಮೇಲೆ, ಅಂದರೆ ಲೆನ್ಸ್ ಹಿಡಿಯುವ ಪುಟ್ಟ ರಬ್ಬರ್ ಬಟ್ಟಲಿನ ಮೇಲೆ, ನೆಟ್ಟಗೆ ಕೂರಿಸಿ. ಪ್ರಿಸರ್ವೇಟಿವ್ ಇಲ್ಲದ ಸಲೈನನ್ನು ಅಂಚು ದಾಟಿ ಉಬ್ಬಿ ನಿಲ್ಲುವಷ್ಟು ತುಂಬಿ. ಅಂಚಿನ ಮಟ್ಟಕ್ಕೆ ತುಂಬಿದರೆ ಸಾಲದು. ಕಣ್ಣಿನ ಹತ್ತಿರ ತರುವಾಗ ಕೈ ಅಲುಗಿ ಸ್ವಲ್ಪ ಚೆಲ್ಲುತ್ತದೆ, ಆ ಜಾಗದಲ್ಲಿ ಗಾಳಿ ಸೇರುತ್ತದೆ. ಈಗ ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೆಳ ರೆಪ್ಪೆ, ತೋರುಬೆರಳಿನಿಂದ ಮೇಲಿನ ರೆಪ್ಪೆ ಅಗಲಿಸಿ ಹಿಡಿಯಿರಿ. ಪ್ಲಂಜರ್ ತೂತಿರುವಂಥದ್ದಾದರೆ ಕೆಳಗೆ ಒಂದು ಸಣ್ಣ ಲೈಟ್ ಇಟ್ಟು, ತೂತಿನಲ್ಲಿ ಕಾಣುವ ಬೆಳಕನ್ನೇ ನೋಡುತ್ತಿರಿ. ಬೆಳಕು ನಡುವೆ ಕಂಡರೆ ಲೆನ್ಸ್ ನೇರವಾಗಿದೆ ಅಂತ ಅರ್ಥ. ನಿಧಾನವಾಗಿ, ಆದರೆ ನಿಲ್ಲಿಸದೆ ಮೇಲೆ ತನ್ನಿ.

ಮೊದಲು ತಣ್ಣಗೆ ಸಲೈನ್ ತಾಗುತ್ತದೆ. ನಿಮ್ಮ ಕೆಲಸ ಕೆಡುತ್ತಿರುವುದು ಈ ಗಳಿಗೆಯಲ್ಲಿ ಅನ್ನುವುದು ನನ್ನ ಊಹೆ. ಒದ್ದೆ ತಾಗಿದ ತಕ್ಷಣ "ಆಯ್ತು" ಅಂತ ರೆಪ್ಪೆ ಬಿಟ್ಟುಬಿಡುತ್ತೀರಿ, ಅಥವಾ ಬೆಚ್ಚಿ ತಲೆ ಹಿಂದಕ್ಕೆ ಎಳೆಯುತ್ತೀರಿ. ಲೆನ್ಸ್ ಇನ್ನೂ ಕೂತಿರುವುದಿಲ್ಲ, ಮೇಲಿನ ರೆಪ್ಪೆ ಅದರ ಅಂಚಿನ ಮೇಲೆ ಬೀಳುತ್ತದೆ, ಗಾಳಿ ಒಳಗೆ ಹೋಗುತ್ತದೆ. ಒದ್ದೆ ತಾಗಿದ ಮೇಲೂ ಇನ್ನೊಂದಿಷ್ಟು ಮೇಲೆ ಒತ್ತಿ. ಲೆನ್ಸ್ ಸುತ್ತಲೂ ಬಿಳಿ ಭಾಗಕ್ಕೆ ತಾಗಿ ಕೂತದ್ದು ನಿಮಗೇ ಗೊತ್ತಾಗುತ್ತದೆ. ಆಗ ಕೆಳ ರೆಪ್ಪೆ ಬಿಡಿ, ಆಮೇಲೆ ಮೇಲಿನದು, ಕೊನೆಗೆ ಪ್ಲಂಜರ್ ಸರಿಸಿ. ತಲೆ ಎತ್ತುವುದು ಎಲ್ಲ ಮುಗಿದ ಮೇಲೆ.

ಆಮೇಲೆ ಕಣ್ಣಿನ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಅಥವಾ ಮನೆಯವರಿಗೆ ತೋರಿಸಿ. ಗುಳ್ಳೆ ಇದ್ದರೆ ಒತ್ತಿ ಓಡಿಸಲು ಹೋಗಬೇಡಿ, ಅದು ಹೋಗುವುದಿಲ್ಲ. ತೆಗೆದು, ಹೊಸ ಸಲೈನ್ ತುಂಬಿ, ಮತ್ತೆ ಹಾಕಿ. ಕಣ್ಣು ಕೆಂಪಾಗುವಷ್ಟು ಸಲ ಹಾಕಿ ತೆಗೆದು ಮಾಡಬೇಡಿ. ಬೇಸರ ಬರುವುದಕ್ಕೂ ಮುಂಚೆ ನಿಲ್ಲಿಸಿ ನಾಳೆಗೆ ಬಿಡಿ. ಬಸ್ಸು ಹಿಡಿಯುವ ಗಡಿಬಿಡಿಯ ಬೆಳಗ್ಗೆಯಲ್ಲಿ ಕಲಿಯಲು ಕೂರಬೇಡಿ. ಎಲ್ಲೂ ಹೋಗುವುದಿಲ್ಲದ ಮಧ್ಯಾಹ್ನ ಒಳ್ಳೆಯದು.

ಒಂದು ಹಳೆಯ ಸಂಗತಿ ನಿಮಗೆ ಇಷ್ಟವಾಗಬಹುದು. ಕೆರಟೋಕೋನಸ್ ಬಗ್ಗೆ ಮೊದಲು ಸ್ಪಷ್ಟವಾಗಿ ಬರೆದವರು ಇಂಗ್ಲೆಂಡಿನ ಡಾಕ್ಟರ್ ಜಾನ್ ನಾಟಿಂಗ್‌ಹ್ಯಾಮ್, 1854ರಲ್ಲಿ. 1888ರಲ್ಲಿ ಅಡಾಲ್ಫ್ ಫಿಕ್ ಅನ್ನುವ ಕಣ್ಣಿನ ಡಾಕ್ಟರ್ ಕಣ್ಣಿಗೇ ಹಾಕುವ ಗಾಜಿನ ಲೆನ್ಸಿನ ಬಗ್ಗೆ ಬರೆದರು. ಅದೂ ನಿಮ್ಮದರ ಹಾಗೆ ಬಿಳಿ ಭಾಗದ ಮೇಲೆ ಕೂರುವಂಥದ್ದೇ, ಒಳಗೆ ದ್ರಾಕ್ಷಿ ಸಕ್ಕರೆಯ ದ್ರಾವಣ ತುಂಬುತ್ತಿದ್ದರು. ಗಾಜಿನಲ್ಲಿ ಉಸಿರಾಡಲಾಗದೆ ಕಣ್ಣು ಕೆಲವೇ ಗಂಟೆಗಳಲ್ಲಿ ಸೋಲುತ್ತಿತ್ತು. ಆಮ್ಲಜನಕ ಹಾಯುವ ವಸ್ತು ಬಂದ ಮೇಲೆ ಆ ಹಳೆಯ ದೊಡ್ಡ ಲೆನ್ಸೇ ಹೊಸ ರೂಪದಲ್ಲಿ ತಿರುಗಿ ಬಂದಿದೆ.

ಎಡಗಣ್ಣಿನ ಆರ್‌ಜಿಪಿ ಹಾಕುವುದು ಸುಲಭ, ಒಗ್ಗಿಸಿಕೊಳ್ಳುವುದು ಸ್ವಲ್ಪ ಕಷ್ಟ. ಅದು ಚಿಕ್ಕದು, ಕಾರ್ನಿಯಾದ ಮೇಲೇ ತೇಲುತ್ತದೆ. ತೋರುಬೆರಳ ತುದಿಯಲ್ಲಿಟ್ಟು, ಒಂದು ಹನಿ ದ್ರಾವಣ ಹಾಕಿ, ಅದೇ ಕೈಯ ನಡುಬೆರಳಿನಿಂದ ಕೆಳ ರೆಪ್ಪೆ, ಇನ್ನೊಂದು ಕೈಯಿಂದ ಮೇಲಿನ ರೆಪ್ಪೆ ಹಿಡಿದು, ನೇರ ನೋಡುತ್ತಾ ತಾಗಿಸಿದರೆ ಸಾಕು, ತಾನೇ ಅಂಟಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಕಣ್ಣಲ್ಲಿ ಏನೋ ಇದ್ದ ಹಾಗೆ ಅನ್ನಿಸಿ ನೀರು ಸುರಿಯುತ್ತದೆ. ಮಿಟುಕಿಸುವಾಗಲೆಲ್ಲ ರೆಪ್ಪೆಯ ಅಂಚು ಲೆನ್ಸಿನ ಅಂಚಿಗೆ ತಾಗುವುದೇ ಇದಕ್ಕೆ ಮುಖ್ಯ ಕಾರಣ. ಕೆಳಗೆ ನೋಡಿದರೆ ಹಿತ ಅನ್ನಿಸುತ್ತದೆ. ಡಾಕ್ಟರ್ ಹೇಳಿದ ಲೆಕ್ಕದಲ್ಲಿ, ಸಾಮಾನ್ಯವಾಗಿ ದಿನಕ್ಕೆ ಎರಡು ಮೂರು ಗಂಟೆಯಿಂದ ಶುರು ಮಾಡಿ ಮೆಲ್ಲಗೆ ಏರಿಸಿ. ಚುಚ್ಚುವ ನೋವು ಬಂದರೆ ಅದು ಒಗ್ಗುವ ನೋವಲ್ಲ, ತೆಗೆದುಬಿಡಿ. ಧೂಳು ಸೇರಿರಬಹುದು. ಲೆನ್ಸ್ ಬಿಳಿ ಭಾಗಕ್ಕೆ ಜಾರಿದರೆ ಹೆದರಬೇಡಿ. ಕಣ್ಣಿನ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ, ರೆಪ್ಪೆಯ ಒಳಪದರ ಮಡಚಿಕೊಂಡು ಅಲ್ಲೇ ಮುಚ್ಚಿದೆ. ಹನಿ ಹಾಕಿ, ಲೆನ್ಸ್ ಎಲ್ಲಿದೆಯೋ ಆ ಕಡೆ ನೋಡಿ, ರೆಪ್ಪೆಯ ಮೇಲಿಂದ ಮೆತ್ತಗೆ ನಡುವಿಗೆ ತನ್ನಿ.

ಹಾಕುವುದನ್ನು ಕಲಿಯುವ ಭರದಲ್ಲಿ ತೆಗೆಯುವುದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ನನಗೆ ಹೆಚ್ಚು ಭಯ ಅದರದ್ದೇ. ತೆಗೆಯುವ ಪ್ಲಂಜರ್ ಚಿಕ್ಕದು, ಗಟ್ಟಿಯಾಗಿ ಹಿಡಿಯುತ್ತದೆ. ಅದನ್ನು ಕಣ್ಣಿಗೆ ತರುವ ಮುಂಚೆ ಲೆನ್ಸ್ ಕಣ್ಣಲ್ಲಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಸುತ್ತಲಿನದು ಸ್ಪಷ್ಟವಾಗಿ ಕಾಣುತ್ತಿದ್ದರೆ ಇದೆ. ಮಸುಕಾಗಿದ್ದರೆ ಅದಾಗಲೇ ಬಿದ್ದಿರಬಹುದು, ಜಾರಿರಬಹುದು. ಬರಿಗಣ್ಣಿಗೆ ಪ್ಲಂಜರ್ ಅಂಟಿಸಿ ಎಳೆದರೆ, ಮೊದಲೇ ತೆಳುವಾಗಿರುವ ಕಾರ್ನಿಯಾಕ್ಕೆ ಪೆಟ್ಟಾಗುತ್ತದೆ. ಲೆನ್ಸ್ ಇದ್ದರೆ ಮೊದಲು ಎರಡು ಹನಿ ಸಲೈನ್ ಹಾಕಿ, ಸ್ವಲ್ಪ ಹೊತ್ತು ಮಿಟುಕಿಸಿ. ಸ್ಕ್ಲೀರಲ್ ಆದರೆ ಪ್ಲಂಜರನ್ನು ಒದ್ದೆ ಮಾಡಿ ಲೆನ್ಸಿನ ಅಂಚಿನ ಹತ್ತಿರ ಅಂಟಿಸಿ, ಅಂಚನ್ನು ಎತ್ತಿದ ಹಾಗೆ ಹೊರಕ್ಕೆ ತನ್ನಿ. ನಡುವೆ ಅಂಟಿಸಿ ನೇರ ಎಳೆಯಬಾರದು, ಹೀರಿಕೊಂಡು ಕೂತ ಲೆನ್ಸ್ ಇನ್ನೂ ಬಿಗಿಯಾಗುತ್ತದೆ. ಬರದಿದ್ದರೆ ಮತ್ತೆ ಹನಿ ಹಾಕಿ ಕಾಯಿರಿ. ಮೇಲೆ ನೋಡುತ್ತಾ, ಕೆಳ ರೆಪ್ಪೆಯ ಮೇಲಿಂದ ಲೆನ್ಸಿನ ಅಂಚಿನ ಪಕ್ಕ ಮೆತ್ತಗೆ ಒತ್ತಿದರೆ ಗಾಳಿ ಹೋಗಿ ಸಡಿಲವಾಗುತ್ತದೆ.

ಲೆನ್ಸ್ ಹಾಕಿಕೊಂಡು ಮಲಗಬೇಡಿ. ಬೆಂಗಳೂರಿನ ರಾತ್ರಿ ಬಸ್ಸಿನಲ್ಲೂ ಬೇಡ. ಹತ್ತುವ ಮುಂಚೆಯೇ ತೆಗೆದು ಡಬ್ಬಿಗೆ ಹಾಕಿ. ಸ್ನಾನ ಮಾಡುವಾಗ, ಹೊಳೆಗೆ ಇಳಿಯುವಾಗ ಬೇಡ. ಡಬ್ಬಿಯಲ್ಲಿ ಹಳೆಯ ದ್ರಾವಣದ ಮೇಲೆ ಹೊಸದನ್ನು ಸುರಿಯಬೇಡಿ, ದಿನವೂ ಪೂರ್ತಿ ಚೆಲ್ಲಿ ತುಂಬಿ. ನಮ್ಮ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದಲ್ಲ, ಡಬ್ಬಿಯನ್ನು ಮಾತ್ರ ಬಿಡುತ್ತದಾ? ದ್ರಾವಣದಲ್ಲೇ ತೊಳೆದು, ಶುದ್ಧ ಟಿಶ್ಯೂವಿನಿಂದ ಒರೆಸಿ, ಮಗುಚಿ ಹಾಕಿ ಒಣಗಿಸಿ. ಮೂರು ತಿಂಗಳಿಗೆ ಮುಂಚೆಯೇ ಬದಲಾಯಿಸಿ. ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಕೊಟ್ಟಿದ್ದರೆ ಅದರ ಜೊತೆ ಬಂದ ಡಬ್ಬಿಯಲ್ಲೇ ಕನಿಷ್ಠ 6 ಗಂಟೆ ಇಡಬೇಕು. ನೇರ ಕಣ್ಣಿಗೆ ಬಿದ್ದರೆ ಸುಡುತ್ತದೆ. ಸಲೈನ್ ಬರೀ ತುಂಬಲು, ಅದು ಕ್ರಿಮಿ ಕೊಲ್ಲುವುದಿಲ್ಲ. ಪ್ರಿಸರ್ವೇಟಿವ್ ಇಲ್ಲದ್ದನ್ನು ಒಡೆದ ಮೇಲೆ ದಿನಗಟ್ಟಲೆ ಇಟ್ಟು ಬಳಸಬಾರದು. ಒಂದು ಸಲಕ್ಕೆ ಆಗುವ ಚಿಕ್ಕ ಟ್ಯೂಬ್ ಒಳ್ಳೆಯದು.

ನಿಮ್ಮದು ಅಡಿಕೆ ಮನೆಯೇ ಇರಬಹುದು ಅಂದುಕೊಂಡು ಒಂದೆರಡು ಮಾತು. ಸುಲಿತದ ಕಾಲದಲ್ಲಿ ಬೆರಳಿಗೆ ಹತ್ತಿದ ಚೊಗರಿನ ಕಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ಕಲೆ ಉಳಿದರೆ ಚಿಂತೆಯಿಲ್ಲ, ಅಂಟು ಉಳಿಯಬಾರದು. ಲೆನ್ಸ್ ಹಾಕುವುದನ್ನು ಬೆಳಗ್ಗೆ ಸುಲಿಯಲು ಕೂರುವ ಮೊದಲೇ ಮುಗಿಸಿಕೊಳ್ಳಿ. ಮೆಣಸಿನಕಾಯಿ ಹೆಚ್ಚಿದ ಕೈಗೂ ಇದೇ ಮಾತು. ಅಡಿಕೆ ಬೇಯಿಸುವ ಒಲೆಯ ಹೊಗೆ, ಸಿಪ್ಪೆಯ ಧೂಳು ಇರುವ ಕಡೆ ಕೆಲಸವಿದ್ದರೆ ಲೆನ್ಸಿನ ಮೇಲೆ ಸಾದಾ ಕನ್ನಡಕ ಹಾಕಿಕೊಳ್ಳಿ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ತೋಟಕ್ಕೆ ಲೆನ್ಸ್ ಹಾಕಿಕೊಂಡು ಹೋಗಲೇಬೇಡಿ. ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಅದು. ಸುಣ್ಣ ಕಣ್ಣನ್ನು ಆಳಕ್ಕೆ ಸುಡುತ್ತದೆ. ಎಲೆ ಅಡಿಕೆಯ ಸುಣ್ಣವೂ ಅಷ್ಟೇ. ಅಪ್ಪಿತಪ್ಪಿ ಸಿಡಿದರೆ ಆಗ ಮಾತ್ರ ನೀರಿನ ನಿಯಮ ನೋಡಬೇಡಿ. ಹತ್ತಿರ ಇರುವ ಶುದ್ಧ ನೀರನ್ನು ತಕ್ಷಣ ಧಾರೆಯಾಗಿ ಹಾಕುತ್ತಾ, ಲೆನ್ಸ್ ತೆಗೆದು, 20 ನಿಮಿಷವಾದರೂ ತೊಳೆದು ಆಸ್ಪತ್ರೆಗೆ ಓಡಿ.

ಅಮ್ಮನಿಗೆ ಹೇಳಬೇಕಾದದ್ದೂ ಇದೆ. ಸಿ3ಆರ್ ಮಾಡಿಸಿದ್ದು ಕಾಯಿಲೆ ಮುಂದುವರಿಯದ ಹಾಗೆ ತಡೆಯಲು. ಕಳೆದುಹೋದ ದೃಷ್ಟಿಯನ್ನು ತರುವುದು ಲೆನ್ಸ್. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಕನ್ನಡಕದಲ್ಲಿ ನಿಮಗೆ ಕಾಣುವಷ್ಟೇ ಸಾಕು ಅಂತಿದ್ದರೆ ಬೆಂಗಳೂರಿನವರು ಲೆನ್ಸ್ ಕೊಡುತ್ತಲೇ ಇರಲಿಲ್ಲ. ಹಾಗಂತ ಕನ್ನಡಕ ಎಸೆಯಬೇಡಿ, ಲೆನ್ಸ್ ತೆಗೆದ ಮೇಲೆ ರಾತ್ರಿ ಓಡಾಡಲು ಬೇಕು. ಕಣ್ಣು ತುರಿಸಿದರೆ ನಂದಿಬಟ್ಟಲ ರಸ, ಹರಳೆಣ್ಣೆ ಬಿಡುವುದು ಬೇಡ ಅಂತ ಪ್ರೀತಿಯಿಂದಲೇ ಹೇಳಿ. ಮೆಡಿಕಲ್ ಶಾಪಿನಿಂದ ಕೇಳಿ ತಂದ ಹನಿಯೂ ಬೇಡ, ಅದರಲ್ಲಿ ಸ್ಟಿರಾಯ್ಡ್ ಇರಬಹುದು. ಕಣ್ಣು ಉಜ್ಜುವುದಂತೂ ಕೆರಟೋಕೋನಸ್‌ನ ದೊಡ್ಡ ಶತ್ರು. ಲೆನ್ಸ್ ತೆಗೆದ ತಕ್ಷಣ ಉಜ್ಜಬೇಕು ಅನ್ನಿಸುತ್ತದೆ, ಆಗ ತಣ್ಣನೆಯ ಬಟ್ಟೆ ಮುಚ್ಚಿದ ರೆಪ್ಪೆಯ ಮೇಲೆ ಇಡಿ. ತುರಿಕೆ ನಿಲ್ಲದಿದ್ದರೆ ಅಲರ್ಜಿಗೆ ಬೇರೆ ಹನಿ ಇದೆ, ಡಾಕ್ಟರ್ ಬರೆದುಕೊಡುತ್ತಾರೆ.

ಮುಂದಿನ ತಪಾಸಣೆಗೆ ಹೋಗುವ ಹೊತ್ತಿಗೆ ಲೆನ್ಸ್ ಹಾಕಿ ಮೂರು ನಾಲ್ಕು ಗಂಟೆಯಾದರೂ ಆಗಿರಲಿ. ಹಾಗಿದ್ದರೆ ಅದು ಹೇಗೆ ಕೂತಿದೆ, ಎಲ್ಲಾದರೂ ಒತ್ತುತ್ತಿದೆಯಾ ಅಂತ ಅವರಿಗೆ ಸರಿಯಾಗಿ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೂ ಹಾಕಲು ಬರದಿದ್ದರೆ ಸಂಕೋಚ ಬೇಡ. ಡಬ್ಬಿ, ದ್ರಾವಣ, ಎರಡೂ ಪ್ಲಂಜರ್ ತೆಗೆದುಕೊಂಡು ಹೋಗಿ, ಮನೆಯಲ್ಲಿ ಹೇಗೆ ಹಾಕುತ್ತೀರೋ ಹಾಗೆಯೇ ಅವರೆದುರು ಹಾಕಿ ತೋರಿಸಿ. ಕೈ ಎಲ್ಲಿ ತಪ್ಪುತ್ತಿದೆ ಅನ್ನುವುದು ನೋಡಿದವರಿಗೆ ತಕ್ಷಣ ಕಾಣುತ್ತದೆ. ಅಮ್ಮನನ್ನೂ ಒಳಗೆ ಕರೆದುಕೊಂಡು ಹೋಗಿ, ತೆಗೆಯುವುದನ್ನು ಅವರಿಗೂ ಕಲಿಸಲು ಕೇಳಿ.